ಗೋಡೆಯ ಬಲವೂ ಗೃಹಸ್ಥನ ಯತ್ನಾಚಾರವೂ

ವ್ಯಾಪಾರವನ್ನೇ ವೃತ್ತಿಯಾಗಿ ನಡೆಸಿಕೊಂಡು ಬಂದ ನಮ್ಮಂಥ ಶ್ರಾವಕರಿಗೆ ಉಗ್ರಾಣವೆಂಬುದು ಅಂಗಡಿಗಿಂತಲೂ ಹಿರಿದಾದ ಹೊಣೆ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಸದಾ ನಮ್ಮ ಮೇಲಿರುತ್ತದೆ. ಉಗ್ರಾಣದೊಳಗೆ ದಾಸ್ತಾನು ಎಷ್ಟಿದೆ, ಅದಕ್ಕೆ ಹುಳು ಹಿಡಿಯದಂತೆ ಹೇಗೆ ಕಾದಿದ್ದೇವೆ, ಹಮಾಲರ ಬೆನ್ನಿನ ಮೇಲೆ ಎಷ್ಟು ಭಾರ ಹೊರಿಸಿದ್ದೇವೆ ಎಂಬುದಕ್ಕೆ ನಮ್ಮ ಮನಸ್ಸೇ ಸಾಕ್ಷಿ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಕ್ಷೇತ್ರ ಮತ್ತು ವಾಸ್ತುಗಳನ್ನು ಮೊದಲಿಗೇ ಹೆಸರಿಸಿರುವುದೂ, ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಸೇರಿಸಿರುವುದೂ ಉಗ್ರಾಣದ ಯಜಮಾನನನ್ನು ಕಣ್ಣೆದುರಿಗೆ ಇಟ್ಟುಕೊಂಡು ಹೇಳಿದಂತಿದೆ. ದಾಸ್ತಾನಿನ ಮಿತಿಯ ಬಗ್ಗೆ ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ದಾಸ್ತಾನನ್ನೂ ಅದರ ನಡುವೆ ದುಡಿಯುವ ಜೀವಗಳನ್ನೂ ಕಾಯುವ ಕಟ್ಟಡದ ಬಗ್ಗೆ ಎರಡು ಮಾತು ಹೇಳುವುದು ಈ ಲೇಖನದ ಉದ್ದೇಶ.

2023ರ ಬೇಸಿಗೆಯಲ್ಲಿ ನಾನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಸೋದರಳಿಯನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಆತ ಕಟ್ಟಡಗಳ ಎಂಜಿನಿಯರ್. ಲಾಸ್ ಏಂಜಲೀಸ್ ನಗರದ ಪೂರ್ವಕ್ಕೆ ಆಂಟೇರಿಯೊ, ಫಾಂಟಾನಾ ಮೊದಲಾದ ಊರುಗಳಿರುವ ವಿಶಾಲವಾದ ಬಯಲಿದೆ. ಒಂದು ಕಾಲಕ್ಕೆ ಅಲ್ಲಿ ಕಿತ್ತಳೆ ಮತ್ತು ದ್ರಾಕ್ಷಿ ತೋಟಗಳೂ ಹೈನುಗಾರಿಕೆಯೂ ಇದ್ದವು. ಈಗ ಲಾಸ್ ಏಂಜಲೀಸ್ ಹಾಗೂ ಲಾಂಗ್ ಬೀಚ್ ಬಂದರುಗಳಲ್ಲಿ ಇಳಿದ ಸರಕು ಲಾರಿ ಮತ್ತು ರೈಲುಗಳ ಮೂಲಕ ಆ ಬಯಲಿಗೆ ಬಂದು, ಅಲ್ಲಿಂದ ದೇಶದ ನಾನಾ ಭಾಗಗಳಿಗೆ ಹಂಚಿಕೆಯಾಗುತ್ತದೆ. ಹೀಗಾಗಿ ಲಕ್ಷಗಟ್ಟಲೆ ಚದರ ಅಡಿಗಳ ವಿತರಣಾ ಉಗ್ರಾಣಗಳು ಅಲ್ಲಿ ಸಾಲುಸಾಲಾಗಿ ನಿಂತಿವೆ. ಅಳಿಯನು ಮೇಲ್ವಿಚಾರಣೆ ನಡೆಸುತ್ತಿದ್ದ ಅಂಥದೊಂದು ಕಟ್ಟಡವನ್ನು, ಅಪ್ಪಣೆ ಪಡೆದು, ತಲೆಗೆ ಹೆಲ್ಮೆಟ್ ಧರಿಸಿ ಹಲವು ದಿನ ನೋಡಿದೆ. ಅದರ ವಿಸ್ತಾರ ಸುಮಾರು 6 ಲಕ್ಷ ಚದರ ಅಡಿ.

ಅಲ್ಲಿನವರು ಈ ನಿರ್ಮಾಣ ಕ್ರಮವನ್ನು ‘ಟಿಲ್ಟ್-ಅಪ್’ ಎನ್ನುತ್ತಾರೆ. ಗೋಡೆಯನ್ನು ನೆಲದ ಮೇಲೆ ಮಲಗಿಸಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಎಬ್ಬಿಸಿ ನಿಲ್ಲಿಸುವ ಪದ್ಧತಿ ಇದು. 20ನೇ ಶತಮಾನದ ಮೊದಲ ದಶಕದಲ್ಲಿ ಇಲಿನಾಯ್ ರಾಜ್ಯದ ರಾಬರ್ಟ್ ಏಕನ್ ಎಂಬವರು ಇದನ್ನು ಬಳಕೆಗೆ ತಂದರು. 1914ರಲ್ಲಿ ವಾಸ್ತುಶಿಲ್ಪಿ ಅರ್ವಿಂಗ್ ಗಿಲ್ ಅವರು ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಮಹಿಳಾ ಸಂಘದ ಕಟ್ಟಡವನ್ನು ಇದೇ ಕ್ರಮದಲ್ಲಿ ಕಟ್ಟಿದರು. ಎರಡನೆಯ ಮಹಾಯುದ್ಧದ ಅನಂತರ ದೊಡ್ಡ ಸಂಚಾರಿ ಕ್ರೇನುಗಳು ದೊರೆಯುವಂತಾದಾಗ ಈ ಪದ್ಧತಿ ಬಹುವಾಗಿ ಹಬ್ಬಿತು.

ಮೊದಲು ಉಗ್ರಾಣದ ನೆಲವನ್ನೇ ಕಾಂಕ್ರೀಟಿನಿಂದ ನುಣುಪಾಗಿ ಹಾಕುತ್ತಾರೆ. ಅದೇ ಮುಂದೆ ಗೋಡೆಗಳನ್ನು ಎರೆಯುವ ಪೀಠವಾಗುತ್ತದೆ. ಹಳೆಯ ಕಾಂಕ್ರೀಟಿಗೆ ಹೊಸದು ಅಂಟದಂತೆ ಒಂದು ದ್ರಾವಣವನ್ನು ಸಿಂಪಡಿಸುತ್ತಾರೆ. ಗೋಡೆಯ ಅಳತೆಗೆ ಸರಿಯಾಗಿ ಸುತ್ತಲೂ ಮರದ ಚೌಕಟ್ಟು ಕಟ್ಟಿ, ಬಾಗಿಲು ಕಿಟಕಿಗಳ ಜಾಗ ಬಿಟ್ಟು, ಒಳಗೆ ಕಬ್ಬಿಣದ ಸರಳುಗಳನ್ನು ಹೆಣೆಯುತ್ತಾರೆ. ಕ್ರೇನಿನ ಕೊಕ್ಕೆಗೆಂದು ಉಕ್ಕಿನ ಕೊಂಡಿಗಳನ್ನು ನಿಗದಿತ ಸ್ಥಳಗಳಲ್ಲಿ ಹುದುಗಿಸಿಟ್ಟು ಕಾಂಕ್ರೀಟ್ ಹೊಯ್ಯುತ್ತಾರೆ. ಹೀಗೆ ಸಿದ್ಧವಾದ ಒಂದೊಂದು ಭಾಗಕ್ಕೆ ಪ್ಯಾನೆಲ್ ಎಂದು ಹೆಸರು. ನಾನು ನೋಡಿದ ಒಂದು ಪ್ಯಾನೆಲ್ 40 ಅಡಿ ಎತ್ತರ, 28 ಅಡಿ ಅಗಲ, 9 ಅಂಗುಲ ದಪ್ಪವಿತ್ತು. ಬಿ.ಕಾಂ. ಓದಿದವನಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ಅದು 840 ಘನ ಅಡಿ; ಸರಳು ಸಮೇತ ಒಂದು ಘನ ಅಡಿ ಕಾಂಕ್ರೀಟಿಗೆ ಸುಮಾರು 68 ಕಿಲೊ ಹಿಡಿದರೆ 57 ಟನ್ನು, ಅಂದರೆ ನಮ್ಮ ಮಾರುಕಟ್ಟೆಯ ಭಾಷೆಯಲ್ಲಿ 570 ಕ್ವಿಂಟಾಲು. ಅಂಥ ನೂರಕ್ಕೂ ಹೆಚ್ಚು ಪ್ಯಾನೆಲ್‌ಗಳು ನೆಲದ ಮೇಲೆ ಮಲಗಿದ್ದವು.

ಎರೆದ ಕಾಂಕ್ರೀಟು ಎತ್ತುವಷ್ಟು ಗಟ್ಟಿಯಾಗಿದೆಯೆಂದು ಮಾದರಿ ತುಂಡುಗಳ ಪರೀಕ್ಷೆಯಿಂದ ಖಚಿತವಾದ ಮೇಲೆಯೇ ಎತ್ತುವ ದಿನ ಗೊತ್ತಾಗುತ್ತದೆ. ಗೋಡೆಯು ನೆಲ ಬಿಟ್ಟು ಮೇಲೇಳುವ ಮೊದಲ ಕ್ಷಣವೇ ಅತ್ಯಂತ ಕಠಿಣ. ಮಲಗಿದ ಸ್ಥಿತಿಯಲ್ಲಿ ಅದು ಬಾಗಿ ಬಿರುಕು ಬಿಡುವ ಸಂಭವ ಹೆಚ್ಚು. ನೆಲದ ಹಿಡಿತವನ್ನೂ ಆಗಲೇ ಬಿಡಿಸಬೇಕು. ಗೋಡೆ ಬೀಳಬಹುದಾದ ದಾರಿಯಲ್ಲಿ ಯಾರೊಬ್ಬರೂ ನಿಲ್ಲುವಂತಿಲ್ಲ. ನೆಟ್ಟಗಾದ ಗೋಡೆಯನ್ನು ಅಡಿಪಾಯದ ಮೇಲೆ ಕೂರಿಸಿ, ಉಕ್ಕಿನ ಕೊಳವೆಗಳನ್ನು ಓರೆಯಾಗಿ ಊರುಗೋಲಿನಂತೆ ಕೊಟ್ಟು, ಅವುಗಳ ಬುಡವನ್ನು ನೆಲಕ್ಕೆ ಬಿಗಿಯುತ್ತಾರೆ. ಆ ಬಳಿಕವೇ ಕ್ರೇನಿನ ಕೊಕ್ಕೆ ಕಳಚುವುದು. ಹೀಗೆ ಒಂದೇ ದಿನದಲ್ಲಿ ಇಪ್ಪತ್ತು ಮೂವತ್ತು ಗೋಡೆಗಳು ಎದ್ದು ನಿಲ್ಲುವುದುಂಟು.

ಆ ದಿನ ಮಧ್ಯಾಹ್ನ ಒಂದು ಗೋಡೆಯ ಊರುಗೋಲನ್ನು ಬಿಗಿಯುವಾಗ ನೆಲದ ಮೊಳೆ ನಿರೀಕ್ಷಿಸಿದಂತೆ ಹಿಡಿಯಲಿಲ್ಲ. ಮೇಲ್ವಿಚಾರಕನು ಕೈಯೆತ್ತಿ ಕೆಲಸ ನಿಲ್ಲಿಸಿದ. 570 ಕ್ವಿಂಟಾಲಿನ ಗೋಡೆ ಕೊಕ್ಕೆಯಲ್ಲೇ ಇತ್ತು. ಬೇರೆ ಜಾಗದಲ್ಲಿ ರಂಧ್ರ ಕೊರೆದು, ಹೊಸ ಮೊಳೆ ಕೂರಿಸಿ, ಬಿಗಿತವನ್ನು ಅಳೆದು ನೋಡುವವರೆಗೆ ಒಂದೂವರೆ ತಾಸು ಹಿಡಿಯಿತು. ಕ್ರೇನಿನ ಬಾಡಿಗೆಯೂ ಆಳುಗಳ ಕೂಲಿಯೂ ಓಡುತ್ತಲೇ ಇದ್ದವು. ಉಳಿದ ಊರುಗೋಲುಗಳು ಸಾಕಲ್ಲವೇ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಸಂಜೆ ನಾನು ಅಳಿಯನಿಗೆ, “ಗೋಡೆಗಳೆಲ್ಲ ಚೆನ್ನಾಗಿ ನಿಂತಿವೆಯಪ್ಪ” ಎಂದೆ. “ಮಾಮಾ, ಅವು ಇನ್ನೂ ನಿಂತಿಲ್ಲ, ನಾವು ನಿಲ್ಲಿಸಿದ್ದೇವೆ ಅಷ್ಟೆ. ಮೇಲ್ಛಾವಣಿ ಬಂದು ಗೋಡೆಗೆ ಕೂಡಿದ ಮೇಲೆಯೇ ಊರುಗೋಲು ತೆಗೆಯೋದು” ಎಂದು ಆತ ಉತ್ತರಿಸಿದ.

ಆ ಮಾತಿನಲ್ಲಿ ಈ ಕಟ್ಟಡದ ಮರ್ಮವಿದೆ. ಅಷ್ಟು ಎತ್ತರದ ತೆಳುವಾದ ಗೋಡೆ ಸ್ವಂತ ಬಲದಿಂದ ನಿಲ್ಲಲಾರದು. ಗೋಡೆ ಛಾವಣಿಯನ್ನು ಹೊರುತ್ತದೆ, ಛಾವಣಿ ಗೋಡೆಗಳನ್ನು ಪರಸ್ಪರ ಹಿಡಿದಿಡುತ್ತದೆ. ಇವೆರಡೂ ಕೂಡುವ ಜಾಗದ ಉಕ್ಕಿನ ಬಿಗಿಪಟ್ಟಿಗಳು ಇಡೀ ಕಟ್ಟಡದ ಖರ್ಚಿನಲ್ಲಿ ಅತ್ಯಲ್ಪ. ಕಟ್ಟಡ ಮುಗಿದ ಮೇಲೆ ಅವುಗಳತ್ತ ಯಾರೂ ಕತ್ತೆತ್ತಿ ನೋಡುವುದೂ ಇಲ್ಲ. 1971ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೋ ಭೂಕಂಪವಾದಾಗ ಇಂಥ ಹಲವು ಕಟ್ಟಡಗಳ ಗೋಡೆಗಳು ಛಾವಣಿಯಿಂದ ಕಳಚಿಕೊಂಡವು. ಗೋಡೆಗೆ ಜೋಡಿಸಿದ್ದ ಮರದ ತೊಲೆಗೆ ಛಾವಣಿಯ ಹಲಗೆಯನ್ನು ಬರಿಯ ಮೊಳೆಗಳಿಂದ ಹೊಡೆದಿದ್ದರು. ಗೋಡೆ ಹೊರಕ್ಕೆ ಎಳೆದಾಗ ಆ ತೊಲೆ ಎಳೆಯುದ್ದಕ್ಕೂ ಸೀಳಿತು. ಆ ಬಳಿಕ ನಿಯಮಗಳು ಬಿಗಿಯಾದವು. 1994ರ ಜನವರಿಯ ನಾರ್ತ್‌ರಿಡ್ಜ್ ಭೂಕಂಪದ ಅನಂತರ ಲಾಸ್ ಏಂಜಲೀಸ್ ನಗರವು 1976ಕ್ಕೆ ಮುಂಚಿನ ವಿನ್ಯಾಸದ ಟಿಲ್ಟ್-ಅಪ್ ಕಟ್ಟಡಗಳ ಈ ಜೋಡಣೆಗಳನ್ನು ಬಲಪಡಿಸುವುದನ್ನು ಕಡ್ಡಾಯ ಮಾಡಿತು.

ನಿಯಮವನ್ನು ಪಾಲಿಸಿದ ಮಾತ್ರಕ್ಕೆ ಯಜಮಾನನ ಹೊಣೆ ತೀರುವುದೇ? 2021ರ ಡಿಸೆಂಬರ್ 10ರ ರಾತ್ರಿ ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್ ಎಂಬಲ್ಲಿ ಸುಂಟರಗಾಳಿಯು ಅಮೆಜಾನ್ ಸಂಸ್ಥೆಯ ವಿತರಣಾ ಕೇಂದ್ರಕ್ಕೆ ಬಡಿಯಿತು. ಕಾಂಕ್ರೀಟ್ ಗೋಡೆಗಳೂ ಛಾವಣಿಯೂ ಕುಸಿದು, ದುಡಿಯುತ್ತಿದ್ದ 6 ಮಂದಿ ಮೃತಪಟ್ಟರು. ಕಾರ್ಮಿಕ ಸುರಕ್ಷತೆಯ ಸರ್ಕಾರಿ ಇಲಾಖೆಯು 2022ರ ಏಪ್ರಿಲ್‌ನಲ್ಲಿ ತನಿಖೆ ಮುಗಿಸಿ, ದಂಡ ವಿಧಿಸದೆ, ಸುಧಾರಣೆಗಳನ್ನು ಸೂಚಿಸಿ ಪತ್ರ ಬರೆಯಿತು. ಆಶ್ರಯದ ಕೋಣೆ ಎಲ್ಲಿದೆಯೆಂಬುದು ಕೆಲವು ಕೆಲಸಗಾರರಿಗೆ ನೆನಪಿರಲಿಲ್ಲ. ಎಚ್ಚರಿಕೆ ಕೂಗಲೆಂದು ಇಟ್ಟಿದ್ದ ಮೆಗಾಫೋನು ಬೀಗ ಹಾಕಿದ ಜಾಲರಿಯೊಳಗೆ ಇತ್ತು ಎಂದು ಆ ತನಿಖೆ ತಿಳಿಸಿತು. ಕಾನೂನಿನ ಕಣ್ಣಿಗೆ ಅಪರಾಧವಿಲ್ಲ. ಆದರೆ ಆರು ಮನೆಗಳಲ್ಲಿ ದೀಪ ಆರಿತು. ಕಾನೂನಿಗೂ ಧರ್ಮಕ್ಕೂ ನಡುವಿನ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ಉದಾಹರಣೆ ನನಗೆ ತಿಳಿಯದು.

ಗೃಹಸ್ಥನಿಗೆ ಆರಂಭೀ ಹಿಂಸೆ ಮತ್ತು ಉದ್ಯೋಗೀ ಹಿಂಸೆಗಳು ಸಂಪೂರ್ಣವಾಗಿ ತಪ್ಪುವಂಥವಲ್ಲವೆಂದು ನಮ್ಮ ಆಚಾರ್ಯರು ಬಲ್ಲರು. ನೆಲ ಅಗೆದರೆ ಜೀವಹಾನಿಯಿದೆ, ಲಾರಿ ಓಡಿಸಿದರೂ ಇದೆ. ಅದಕ್ಕಾಗಿಯೇ ಅವರು ಪ್ರಮಾದವನ್ನು ಹಿಂಸೆಯ ಮೂಲವೆಂದು ಗುರುತಿಸಿ, ಯತ್ನಾಚಾರವನ್ನು ವಿಧಿಸಿದರು. ದಾರಿ ನೋಡಿ ನಡೆಯುವುದು, ನೀರು ಸೋಸಿ ಕುಡಿಯುವುದು ನಮಗೆ ಬಾಲ್ಯದಿಂದ ರೂಢಿ. ಅದೇ ಎಚ್ಚರವು ನಾವು ಸಹಿ ಹಾಕುವ ಗುತ್ತಿಗೆ ಪತ್ರದವರೆಗೂ ಬರಬೇಡವೇ? ಇರುವೆಯನ್ನು ತಪ್ಪಿಸಿ ಕಾಲಿಡುವವನು ಹಮಾಲನ ತಲೆಯ ಮೇಲಿನ ತೊಲೆ ಬಿಗಿಯಾಗಿದೆಯೇ ಎಂದು ವಿಚಾರಿಸದಿದ್ದರೆ ಆ ವ್ರತ ಪೂರ್ಣವೆನಿಸದು.

ಹುಬ್ಬಳ್ಳಿಯ ಹೊರವಲಯದಲ್ಲಿ ಹೊಸ ಗೋದಾಮು ಕಟ್ಟಿಸುವ ವಿಚಾರ ನಮ್ಮ ಮನೆತನದಲ್ಲಿ ನಡೆದಿದೆ. ನಮ್ಮ ಕಡೆ ಉಕ್ಕಿನ ಚೌಕಟ್ಟು, ತಗಡಿನ ಹೊದಿಕೆಯ ಗೋದಾಮುಗಳೇ ಹೆಚ್ಚು. ನಾವೂ ಅದನ್ನೇ ಕಟ್ಟುತ್ತೇವೆ. ಕ್ರಮ ಬೇರೆಯಾದರೂ ಪಾಠ ಒಂದೇ ಎಂದು ತಮ್ಮಂದಿರಿಗೂ ಮಕ್ಕಳಿಗೂ ಹೇಳಿ ನಾಲ್ಕು ಷರತ್ತುಗಳನ್ನು ಬರೆಯಿಸಿದ್ದೇನೆ. ಬುಡದ ಬೋಲ್ಟು, ಬೆಸುಗೆ, ಓರೆಸರಳುಗಳನ್ನು ಗುತ್ತಿಗೆದಾರನಿಗೆ ಸಂಬಂಧಿಸದ ಎಂಜಿನಿಯರರು ಪರಿಶೀಲಿಸಬೇಕು, ಅವರ ಶುಲ್ಕವನ್ನು ನಾವೇ ಕೊಡಬೇಕು. ಅವರ ಲಿಖಿತ ಒಪ್ಪಿಗೆಯಿಲ್ಲದೆ ತಾತ್ಕಾಲಿಕ ಆಸರೆಗಳನ್ನು ತೆಗೆಯಕೂಡದು. ನೆಲವೂ ಅಟ್ಟಣಿಗೆಗಳೂ ತಾಳುವ ಭಾರವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿಸಬೇಕು. ಕೆಲಸದ ವೇಳೆಯಲ್ಲಿ ತುರ್ತು ಬಾಗಿಲುಗಳಿಗೆ ಬೀಗ ಹಾಕಕೂಡದು. ಕಿರಿಯ ತಮ್ಮನು, “ಅಣ್ಣಾ, ಇದರಿಂದ ಎರಡು ತಿಂಗಳು ತಡವಾಗ್ತದ, ಈ ಸುಗ್ಗಿ ಕೈತಪ್ಪಬಹುದು” ಎಂದ. ಅವನ ಲೆಕ್ಕ ಸರಿಯಾಗಿಯೇ ಇದೆ. ಆ ನಷ್ಟವನ್ನು ಕಟ್ಟಡದ ಬೆಲೆಯೊಳಗೇ ಸೇರಿಸಿ ಬರೆದುಕೊಳ್ಳೋಣ ಎಂದು ನಾನು ಹೇಳಿದೆ, ಅವನೂ ಒಪ್ಪಿದ್ದಾನೆ.

ನಮ್ಮ ಬಸದಿಗಳ ಟ್ರಸ್ಟುಗಳು ಯಾತ್ರಿನಿವಾಸ, ಸಭಾಭವನ, ಕಲ್ಯಾಣಮಂಟಪಗಳನ್ನು ಕಟ್ಟಿಸುತ್ತಿರುತ್ತವೆ. ಅಮೃತಶಿಲೆಗೆ, ಮಹಾದ್ವಾರಕ್ಕೆ ಹೆಸರು ಕೆತ್ತಿಸಿ ದಾನ ಕೊಡುವವರು ಸುಲಭವಾಗಿ ಸಿಗುತ್ತಾರೆ. ಛಾವಣಿಯೊಳಗೆ ಮರೆಯಾಗುವ ಬಿಗಿಪಟ್ಟಿಗೆ, ಸ್ವತಂತ್ರ ಪರಿಶೀಲನೆಗೆ ಹಣ ಕೊಟ್ಟವರ ಹೆಸರನ್ನು ನಾನು ಯಾವ ಫಲಕದಲ್ಲಿಯೂ ಕಂಡಿಲ್ಲ. ಕಟ್ಟಡದ ಅಂದಾಜುಪಟ್ಟಿಯಲ್ಲಿ ಸುರಕ್ಷತಾ ಪರಿಶೀಲನೆಗೆ ಪ್ರತ್ಯೇಕವಾದ ಒಂದು ಸಾಲು ಇರಲಿ, ಹಣ ಸಾಲದೆ ಹೋದಾಗ ಆ ಸಾಲನ್ನು ಹೊಡೆದುಹಾಕದಿರಲಿ ಎಂದು ಟ್ರಸ್ಟಿನ ಹಿರಿಯರಲ್ಲಿ ನನ್ನ ವಿನಂತಿ. ಹೆಸರಿಲ್ಲದ ಆ ಸಾಲಿಗೆ ದಾನ ನೀಡಲು ನಮ್ಮಲ್ಲಿ ಕೆಲವರಾದರೂ ಮುಂದೆ ಬಂದರೆ, ಅದು ಅಭಯದಾನವೇ ಆದೀತು.