ಅಂಬಾಸಡರಿನ ಎಡಬಾಗಿಲು

ಚಿಕ್ಕೋಡಿಯ ಆ ಮನೆಯ ಅಂಗಳದಲ್ಲಿ ನಿಂತಿದ್ದ ಬಿಳಿ ಅಂಬಾಸಡರಿಗೆ ನಾಲ್ಕು ಬಾಗಿಲು. ತೆರೆಯುತ್ತಿದ್ದುದು ಮೂರೇ. ಹಿಂದಿನ ಎಡಬಾಗಿಲು 2023ರ ಮಳೆಗಾಲದಲ್ಲಿ ಒಂದು ದಿನ ಮುಚ್ಚಿಕೊಂಡದ್ದು ಮತ್ತೆ ಬಾಯಿ ಬಿಡಲಿಲ್ಲ. ಹೊರಗಿನ ಹಿಡಿಕೆಗೂ ಜಗ್ಗಲಿಲ್ಲ, ಒಳಗಿನದಕ್ಕೂ ಬಗ್ಗಲಿಲ್ಲ.

ಮೂರು ಬಾಗಿಲು ಸಾಲದೇ ಎಂದು ಯಾರಾದರೂ ಕೇಳಬಹುದು. ಆದರೆ ಅದು ಆಯಿಯ ಬಾಗಿಲು. ಎರಡೂ ಮೊಣಕಾಲು ಹಿಡಿದುಹೋದ ಆಯಿಗೆ ಈಗಿನ ತಗ್ಗು ಕಾರುಗಳಲ್ಲಿ ಕುಕ್ಕರಿಸಿ ಕೂಡ್ರುವುದು ಆಗದು. ಅಂಬಾಸಡರಿನ ಎತ್ತರದ ಸೀಟಾದರೆ ಮನೆಯ ಕುರ್ಚಿಯ ಮೇಲೆ ಕೂತಂತೆ. ಬಲಗಡೆಯಿಂದ ಹತ್ತಿಸೋಣವೆಂದರೆ ಅತ್ತ ಬಸ್ಸು, ಟ್ರ್ಯಾಕ್ಟರುಗಳ ಹಾವಳಿ. ಬಾಗಿಲು ಮುಚ್ಚಿದ ದಿನದಿಂದ ಆಯಿ ಕಾಗವಾಡದ ಮಗಳ ಮನೆಗೆ ಹೋಗುವ ಮಾತನ್ನೇ ಬಿಟ್ಟಿದ್ದಳು.

ಅಪ್ಪನಿಗೆ ಬೇರೆ ಚಿಂತೆ. ಅಜ್ಜ 1993ರಲ್ಲಿ ಕೊಂಡ ಕಾರು ಅದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆ ವರ್ಷ ಮತ್ತೆ ಸರದಿ ಬಂದಿತ್ತು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಗಿತ್ತು. ಗಾಡಿಯನ್ನು ತಪಾಸಣೆಗೆ ಒಯ್ಯುವಾಗ ಬಾಗಿಲೇ ತೆರೆಯದಿದ್ದರೆ ಹೇಗೆ? ರಾಯಬಾಗದ ಮಾವ ಫೋನಿನಲ್ಲಿ, ಒಳಗಿನಿಂದ ಎರಡು ಸಲ ಒದೆಯಿರಿ ಎಂದರು. ಅಥಣಿಯ ಬೀಗರು ಕಬ್ಬಿಣದ ಪಟ್ಟಿ ತೂರಿಸಲು ಹೇಳಿದರು. ಸಲಹೆಗೇನು, ದುಡ್ಡು ಕೊಡಬೇಕಾಗಿಲ್ಲವಲ್ಲ! “ಗುಜರಿಗೆ ಹಾಕೂದ ಛಲೋ” ಎಂದು ಅಪ್ಪ ತೀರ್ಮಾನಿಸಿಬಿಟ್ಟರು.

ಮನೆಯಲ್ಲಿ ಪಿಯುಸಿ ಎರಡನೇ ವರ್ಷದ ಭೌತಶಾಸ್ತ್ರದಲ್ಲಿ ಕೈಕೊಟ್ಟುಕೊಂಡ ಮಗನೊಬ್ಬನಿದ್ದ. ಪೂರಕ ಪರೀಕ್ಷೆಗೆ ಓದುವುದು ಬಿಟ್ಟು ಅವನು ದೊಡ್ಡ ಸ್ಕ್ರೂಡ್ರೈವರನ್ನು ಬಾಗಿಲಿನ ಸಂದಿಗೆ ಹಾಕಿ ಮೀಟಿದ. ಬಾಗಿಲು ಬರಲಿಲ್ಲ. ಅಂಗೈ ಅಗಲ ಬಣ್ಣ ಕಿತ್ತುಬಂತು, ರಬ್ಬರು ಹರಿಯಿತು. “ಒಂದು ಪೇಪರ್ ಪಾಸ್ ಮಾಡಾಕ ಆಗಲಿಲ್ಲ, ಬಾಗಲಾ ತಗೀತಾನಂತ ಇಂವಾ” ಎಂದ ಅಪ್ಪನ ಮಾತು ಓಣಿಗೆಲ್ಲ ಕೇಳಿತು. ಹುಡುಗ ಎರಡು ದಿನ ಊಟಕ್ಕೆ ಎಲ್ಲರ ಜೊತೆ ಕೂಡ್ರಲಿಲ್ಲ. ಮಾರ್ಕ್ಸ್ ಕಾರ್ಡನ್ನು ಎಲ್ಲ ಕೆಲಸಕ್ಕೂ ಹಿಡಿದು ತೋರಿಸುವ ಚಟ ಒಂದು ಮನೆಯದಷ್ಟೇ ಅಲ್ಲ ಬಿಡಿ.

ಕೊನೆಗೆ ಆಯಿಯೇ ನಿಪ್ಪಾಣಿಯ ಮಿಸ್ತ್ರಿಗೆ ಹೇಳಿಕಳಿಸಿದಳು. ಅಜ್ಜನ ಕಾಲದಿಂದ ಈ ಗಾಡಿಗೆ ಕೈ ಹಾಕಿದವರು. ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದರು, ಕೈ ನಡುಗುತ್ತಿತ್ತು. ರವಿವಾರ ಬಸ್ಸಿಗೆ ಬಂದವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಹುಡುಗನನ್ನು ಕರೆದರು.

“ತಮ್ಮಾ, ಹೊರಗಿನ ಹಿಡಿಕಿ ಕೆಟ್ಟೈತೇನು?”

“ಹೂಂ ಕಾಕಾ.”

“ಒಳಗಿಂದು?”

“ಅದೂ ಕೆಟ್ಟೈತ್ರಿ.”

“ಎರಡೂ ಒಂದ ದಿನಾ ಮಾತಾಡಕೊಂಡು ಕೆಟ್ಟೂವೇನು?”

ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಿಗೆ, ಎರಡು ಸ್ವಿಚ್ಚಿಗೆ ಒಂದೇ ಬಲ್ಬು ಇದ್ದು, ಯಾವುದನ್ನು ಒತ್ತಿದರೂ ಹತ್ತದಿದ್ದರೆ ಮೊದಲು ಬಲ್ಬನ್ನೇ ನೋಡಬೇಕು ಎಂದ. ಮಿಸ್ತ್ರಿ ತಲೆ ಹಾಕಿದರು. ಎರಡೂ ಹಿಡಿಕೆಗಳು ಎಳೆಯುವುದು ಬಾಗಿಲಿನ ಅಂಚಿನಲ್ಲಿರುವ ಒಂದೇ ಲಾಕನ್ನು. ಆ ಲಾಕಿನ ಕೊಂಡಿ ಕಂಬದ ಮೇಲಿನ ತುಂಡನ್ನು ಕಚ್ಚಿ ಹಿಡಿದಿರುತ್ತದೆ. ಒಳಗಿನ ಹಿಡಿಕೆ ಸಡಿಲವಾಗಿ ಲೊಳಲೊಳ ಎಂದರೆ ರಾಡು ಕಳಚಿದೆ ಎಂದರ್ಥ. ಇಲ್ಲಿ ಹಾಗಿರಲಿಲ್ಲ. ಹಿಡಿಕೆ ಬಿಗಿಯಾಗಿಯೇ ಇತ್ತು, ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತಿತ್ತು. ರಾಡು ಎಳೆಯುತ್ತಿದೆ, ಕೊಂಡಿ ಬಿಡುತ್ತಿಲ್ಲ.

ಮೊದಲು ಖರ್ಚಿಲ್ಲದ ಉಪಾಯ ಮಾಡಿದರು. ಒಬ್ಬರು ಹೊರಗಿನಿಂದ ಸೊಂಟ ಕೊಟ್ಟು ಬಾಗಿಲನ್ನು ಒಳಕ್ಕೆ ಒತ್ತಬೇಕು, ಇನ್ನೊಬ್ಬರು ಆಗಲೇ ಹಿಡಿಕೆ ಎಳೆಯಬೇಕು. ಬಾಗಿಲಿನ ಭಾರ ಕೊಂಡಿಯ ಮೇಲಿಂದ ಇಳಿದರೆ ಎಷ್ಟೋ ಸಲ ಅಷ್ಟಕ್ಕೇ ಬಿಡುವುದುಂಟು. ಅಂದು ಬಿಡಲಿಲ್ಲ. ಸರಿ, ಒಳಗಿನ ಹೊದಿಕೆ ಬಿಚ್ಚುವುದೇ.

ಹುಡುಗ ಹಿಂದಿನ ಸೀಟು ಎತ್ತಿಟ್ಟು ಒಳಗೆ ತೂರಿದ. ಗಾಜು ಇಳಿಸುವ ಹಿಡಿಕೆಗೆ ಹೊರಗೆ ಕಾಣುವ ಸ್ಕ್ರೂ ಇರಲಿಲ್ಲ. ಬುಡದ ದುಂಡು ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಸಣ್ಣದೊಂದು ಪಿನ್ನು ಕಂಡಿತು. ಮೊಳೆಯಿಂದ ತಟ್ಟಿದರೆ ಹೊರಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ಗಾಡಿ ಇದು. ಪಶ್ಚಿಮ ಬಂಗಾಳದ ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ನಿಲ್ಲುವತನಕ ಅದರ ಮೈಕಟ್ಟು ಹೆಚ್ಚು ಬದಲಾಗಲೇ ಇಲ್ಲ. ಹಾಗಾಗಿಯೇ ಮುದುಕ ಮಿಸ್ತ್ರಿ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, “ಈಗ ಕೆಳಗಿನ ಕ್ಲಿಪ್ಪು, ಮುರೀಬ್ಯಾಡ” ಎಂದು ಹೇಳಬಲ್ಲವರಾಗಿದ್ದರು.

ಹೊದಿಕೆ ಕಳಚಿದಾಗ ಕಾರಣ ಕಂಡಿತು. ಗಾಜಿನ ಪಕ್ಕದಿಂದ ಬಾಗಿಲೊಳಗೆ ಮಳೆನೀರು ಇಳಿಯುವುದು ಸಹಜ. ಅದು ಹರಿದುಹೋಗಲೆಂದೇ ತಳದಲ್ಲಿ ತೂತುಗಳಿರುತ್ತವೆ. ಕಬ್ಬಿನ ಹಂಗಾಮಿನಲ್ಲಿ ಕಾಗವಾಡದ ಕಡೆ ಓಡಾಡಿದ ಗಾಡಿ. ಎರೆಮಣ್ಣು ಆ ತೂತುಗಳಲ್ಲಿ ಕೂತು ಕಲ್ಲಾಗಿತ್ತು. ಒಳಗೆ ನೀರು ನಿಂತು, ಅದರ ಹಸಿ ಲಾಕಿಗೆ ತಗುಲಿ, ಹಳೆಯ ಗ್ರೀಸು ಒಣಗಿದ ಮೇಲೆ ತುಕ್ಕು ಹಿಡಿದಿತ್ತು. ಹುಡುಗ ಸಿರಿಂಜಿನಲ್ಲಿ ಡೀಸೆಲ್ ತುಂಬಿ ಕೊಂಡಿಗೆ ಬಿಟ್ಟ. ಆಮೇಲೆ ಕಾಯಬೇಕು ಎಂದರು ಮಿಸ್ತ್ರಿ. ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಊಟವಾಯಿತು, ಚಹಾ ಆಯಿತು. ನಡುವೆ ಎರಡು ಸಲ ಎದ್ದುಹೋಗಿ ಎಳೆಯಲು ನೋಡಿದವರು ಹುಡುಗನಲ್ಲ, ಅಪ್ಪ!

ನಾಲ್ಕು ಗಂಟೆಗೆ ಕಟ್ಟಿಗೆಯ ತುಂಡಿಟ್ಟು ಲಾಕಿನ ಮೇಲೆ ಮೆಲ್ಲಗೆ ತಟ್ಟಿದ. ಅಪ್ಪ ಹೊರಗಿನಿಂದ ಒತ್ತಿ ಹಿಡಿದರು. ಟಕ್ಕೆಂದಿತು.

ಕೆಲಸ ಅಲ್ಲಿಗೇ ಮುಗಿಯಲಿಲ್ಲ. ತಂತಿಯಿಂದ ತೂತು ಬಿಡಿಸಿದಾಗ ಕಪ್ಪು ನೀರು ಅಂಗಳಕ್ಕೆ ಹರಿಯಿತು. ಲಾಕಿನ ತುಕ್ಕು ತಿಕ್ಕಿ ಹೊಸ ಗ್ರೀಸು ಹಚ್ಚಬೇಕಾಯಿತು. ಮುಂದಿನ ಬಾಗಿಲಿನ ಕೀಲಿ ಹಾಕುವ ತೂತಿಗೆ ಮಾತ್ರ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ, ಪೆನ್ಸಿಲ್ಲಿನ ಸೀಸದ ಪುಡಿ ಹಾಕು ಎಂದರು ಮಿಸ್ತ್ರಿ. ತಂಬಾಕಿನ ಧೂಳಿನ ನಿಪ್ಪಾಣಿಯಲ್ಲಿ ಜೀವಮಾನ ಕಳೆದವರ ಮಾತು. ಹುಡುಗ ಪರೀಕ್ಷೆಗೆಂದು ತಂದಿಟ್ಟ ಪೆನ್ಸಿಲ್ಲೊಂದು ಅದಕ್ಕೆ ಹೋಯಿತು. ಕಿತ್ತ ಬಣ್ಣದ ಕಲೆ ಹಾಗೇ ಉಳಿಯಿತು.

ಹದಿನೈದು ದಿನಕ್ಕೆ ಆಯಿ ಕಾಗವಾಡಕ್ಕೆ ಹೊರಟಳು. ತನ್ನ ಬಾಗಿಲಿನಿಂದಲೇ ಹತ್ತಿ, ಸೆರಗು ಸರಿಪಡಿಸಿಕೊಂಡು ಕೂತಳು. ಅಪ್ಪ ರೂಢಿಯಂತೆ ಬಾಗಿಲನ್ನು ಧಡಾರನೆ ಹಾಕಲು ಕೈ ಎತ್ತಿದರು.

“ಅಪ್ಪಾ, ಮೆತ್ತಗ ಹಾಕ್ರಿ” ಎಂದ ಮಗ.

ಅಪ್ಪ ಮೆತ್ತಗೆ ಹಾಕಿದರು.