ಹೋಗಿ ಬರ್ತೀನಿ

ಅಟ್ಟದ ಮೇಲೆ ಧೂಳು ತಿನ್ನುತ್ತಾ ಬಿದ್ದಿದ್ದ ಆ ಪುಸ್ತಕಗಳ ಕಟ್ಟನ್ನು ನಾನು ಕೆಳಗಿಳಿಸಿದ್ದು ಓದಬೇಕೆಂದಲ್ಲ, ರದ್ದಿಗೆ ಹಾಕಬೇಕೆಂದು. 2021ರ ಯುಗಾದಿಯ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದೆವು. ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜಪಾನಿನ ಗಿರಾಕಿಗಳ ಜೊತೆ ಮಾತಾಡಬೇಕಾಗುತ್ತದೆ ಎಂದು ನಾಲ್ಕು ತಿಂಗಳು ತರಗತಿಗೆ ಹೋಗಿದ್ದಳು. ಆಮೇಲೆ ಬೇರೆ ಕೆಲಸ ಸಿಕ್ಕಿತು, ಜಪಾನಿ ಭಾಷೆ ನಮ್ಮ ಅಟ್ಟ ಸೇರಿತು. ಫೋನಿನಲ್ಲಿ ಕೇಳಿದರೆ, "ಕೊಟ್ಬಿಡಮ್ಮ, ಇನ್ನೇನು ಅದರ ಮುಖ ನೋಡೋಳಲ್ಲ ನಾನು" ಎಂದಳು.

ಕೊಡುವ ಮುನ್ನ ಒಂದು ಪುಟ ತಿರುವಿದೆ. ಒಂದಕ್ಷರ ಗೊತ್ತಾಗಲಿಲ್ಲ. ನೀವು ನಗಬಹುದು, ಆದರೆ ನನಗೆ ಅದೊಂದು ವಿಚಿತ್ರ ಅನುಭವ. ಮೇಷ್ಟ್ರ ಮಗಳಾಗಿ ಹುಟ್ಟಿ, ಬಿ.ಎ., ಬಿ.ಎಡ್. ಮುಗಿಸಿ, ತಿಪಟೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಇಂಗ್ಲಿಷ್ ಹೇಳಿಕೊಟ್ಟವಳ ಕೈಗೆ, ಓದಲು ಬಾರದ ಪುಟವೊಂದು ಬಂದು ಎಷ್ಟು ಕಾಲವಾಗಿತ್ತೋ! ರದ್ದಿಯವನಿಗೆ ಹಳೆಯ ವಾರಪತ್ರಿಕೆಗಳನ್ನು ಕೊಟ್ಟು, ಈ ಕಟ್ಟನ್ನು ಅಡುಗೆಮನೆಯ ಕಪಾಟಿಗೆ, ಉಪ್ಪಿನಕಾಯಿ ಜಾಡಿಯ ಪಕ್ಕಕ್ಕೆ ಸಾಗಿಸಿದೆ.

ಮೊದಲ ಸಂತೋಷ ಸಿಕ್ಕಿದ್ದು ವರ್ಣಮಾಲೆಯಲ್ಲಿ. ಜಪಾನಿಯ ಹಿರಾಗಾನಾದಲ್ಲಿ ನಲವತ್ತಾರು ಅಕ್ಷರ. ಆಕಾರ ನೋಡಿದರೆ ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ ಹಾಗೆ. ಬಾಯಲ್ಲಿ ಹೇಳಿಕೊಂಡೆ: ಅ ಇ ಉ ಎ ಒ, ಕ ಕಿ ಕು ಕೆ ಕೊ. ಅರೆ, ಇದು ನಮ್ಮ ಕಾಗುಣಿತವಲ್ಲವೇ! ಸಾಲುಗಳ ಕ್ರಮವೂ ಹಾಗೆಯೇ, ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳ ಜೊತೆ ಸಂಸ್ಕೃತದ ಅಕ್ಷರಾಭ್ಯಾಸ ಚೀನಾ ದಾಟಿ ಅಲ್ಲಿಗೆ ಹೋಗಿತ್ತು. 736ರಲ್ಲಿ ಜಪಾನಿಗೆ ಹೋದ ಬೋಧಿಸೇನನೆಂಬ ಭಾರತದ ಭಿಕ್ಷು, 752ರಲ್ಲಿ ನಾರಾ ಪಟ್ಟಣದ ದೊಡ್ಡ ಬುದ್ಧನಿಗೆ ಕಣ್ಣು ಬರೆದನಂತೆ. ನಮ್ಮಲ್ಲಿ 'ಪ' ಇರುವ ಜಾಗದಲ್ಲಿ ಅವರಲ್ಲಿ 'ಹ' ಇದೆ. ಯಾಕೆಂದರೆ ಅವರ 'ಹ' ಬಹು ಹಿಂದೆ 'ಪ' ಆಗಿತ್ತು. ಹೂವಿಗೆ ಅವರು 'ಹನಾ' ಎನ್ನುತ್ತಾರೆ, ಪುರಾತನರು 'ಪನಾ' ಎನ್ನುತ್ತಿದ್ದರು. ಹಳಗನ್ನಡದ ಪಾಲು ಹಾಲಾಗಿ, ಪೂ ಹೂವಾಗಿದ್ದನ್ನು ಕಾಲೇಜಿನಲ್ಲಿ ಉರುಹೊಡೆದವಳಿಗೆ ಇದು ಪರದೇಶದಲ್ಲಿ ತವರಿನವರು ಸಿಕ್ಕ ಹಾಗಾಯಿತು.

ಸಂತೋಷ ಸರಿ, ಸಮಯ? "ಮನಸ್ಸಿದ್ದರೆ ಸಮಯ ತಾನಾಗಿ ಸಿಗುತ್ತೆ ಕಣ್ರೋ" ಎಂದು ಎಷ್ಟು ಬ್ಯಾಚಿನ ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೊಲದ ಕೆಲಸ, ದನದ ಕೆಲಸ, ತಮ್ಮಂದಿರನ್ನು ಎತ್ತಿಕೊಳ್ಳುವ ಕೆಲಸ ಮುಗಿಸಿ ಬರುತ್ತಿದ್ದ ಹೆಣ್ಣುಮಕ್ಕಳಿಗೂ ಅದನ್ನೇ ಹೇಳಿದ್ದೆ. ಈಗ ನನ್ನ ಸರದಿ. ಬೆಳಿಗ್ಗೆ ತಿಂಡಿ, ಅತ್ತೆಯವರ ಮಾತ್ರೆ, ಯಜಮಾನರ ಡಬ್ಬಿ, ಬಸ್ಸು, ಆರು ಪೀರಿಯಡ್ಡು, ಬಿಸಿಯೂಟದ ಲೆಕ್ಕ, ಸಂಜೆ ಮತ್ತೆ ಬಸ್ಸು, ಮತ್ತೆ ಒಲೆ. ನಡುವೆ ಚುನಾವಣೆಯ ಕೆಲಸ, ಮೌಲ್ಯಮಾಪನದ ಕೆಲಸ. ದಿನಕ್ಕೆ ಒಂದು ಗಂಟೆ ಕುಳಿತು ಓದುತ್ತೇನೆಂದು ಹಾಕಿಕೊಂಡ ವೇಳಾಪಟ್ಟಿ ಒಂಬತ್ತು ದಿನ ಬಾಳಿತು.

ಆಮೇಲೆ ಸಮಯವನ್ನು ಇಡಿಯಾಗಿ ಕೇಳುವುದು ಬಿಟ್ಟು ಚಿಲ್ಲರೆಯಾಗಿ ಆಯತೊಡಗಿದೆ. ಹಾಲು ಉಕ್ಕುವವರೆಗೆ ಐದು ನಿಮಿಷ. ಕುಕ್ಕರಿನ ಮೂರು ಕೂಗಿಗೆ ನಾಲ್ಕು ಪದ. ಮನೆಯಲ್ಲಿ ರಾಶಿ ಬಿದ್ದಿದ್ದ ಮದುವೆ ಕರೆಯೋಲೆಗಳನ್ನು ನಾಲ್ಕು ತುಂಡಾಗಿ ಕತ್ತರಿಸಿ, ಹಿಂಬದಿಯಲ್ಲಿ ಒಂದು ಕಡೆ ಜಪಾನಿ, ಇನ್ನೊಂದು ಮೂಲೆಯಲ್ಲಿ ಪುಟ್ಟದಾಗಿ ಕನ್ನಡ ಬರೆದೆ. ಚಪ್ಪಲಿ ಡಬ್ಬಿಯೊಂದನ್ನು ಮೂರು ಖಾನೆ ಮಾಡಿದೆ. ಬಾರದ್ದು ಮೊದಲ ಖಾನೆಗೆ, ದಿನಾ ನೋಡುವುದು. ಅರೆಬರೆ ಬಂದದ್ದು ಎರಡನೆಯದಕ್ಕೆ, ವಾರಕ್ಕೆರಡು ಸಲ. ಬಂದದ್ದು ಮೂರನೆಯದಕ್ಕೆ, ತಿಂಗಳಿಗೊಮ್ಮೆ. ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ವಾಪಸ್ಸು ಮೊದಲನೆಯದಕ್ಕೆ. ಇದು ನನ್ನ ಬುದ್ಧಿವಂತಿಕೆಯಲ್ಲ, ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1972ರಲ್ಲಿ ಬರೆದ ಉಪಾಯ. ಈಗ ಮೊಬೈಲೇ ಈ ಕೆಲಸ ಮಾಡುತ್ತದೆಂದು ಮಗಳು ಹೇಳಿದಳು. ಆದರೆ ಬಸ್ಸಿನಲ್ಲಿ ಮೊಬೈಲು ಹಿಡಿದರೆ ಪಕ್ಕದವರು ಇಣುಕುತ್ತಾರೆ, ಲಗ್ನಪತ್ರಿಕೆ ಹಿಡಿದರೆ "ಯಾರ ಮನೇದು?" ಎಂದು ಕೇಳಿ ಸುಮ್ಮನಾಗುತ್ತಾರೆ.

ಅತ್ತೆಯವರು ಮಾತ್ರ ಸುಮ್ಮನಾಗಲಿಲ್ಲ. "ಅದೇನೇ ಅದು, ದೋಸೆ ಹಾಕ್ತಾ ಮಂತ್ರ ಹೇಳ್ಕೋತೀಯ?" ಎಂದರು. ಯಜಮಾನರು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೊದಲು ಆ ಮಂಡಿಗೆ ಎಣ್ಣೆ ಹಚ್ಚಿಕೋ" ಎಂದು ಪೇಪರಿನ ಮರೆಗೆ ಸರಿದರು.

ಮರವೆಂದರೆ ನೆನಪಾಯಿತು. ಜಪಾನಿಯರಿಗೆ ಹಿರಾಗಾನಾ ಸಾಲದು, ಕತಾಕಾನಾ ಎಂಬ ಇನ್ನೊಂದು ಜೊತೆಯಿದೆ. ಅದೂ ಸಾಲದೆಂದು ಚೀನಾದಿಂದ ಬಂದ ಕಾಂಜಿ ಎಂಬ ಚಿತ್ರಾಕ್ಷರಗಳಿವೆ. ದಿನಬಳಕೆಗೆಂದು ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದು 2,136. ಒಂದನೇ ತರಗತಿಯ ಮಕ್ಕಳು ಕಲಿಯುವುದು 80, ಆರನೇ ತರಗತಿ ಮುಗಿಸುವ ಹೊತ್ತಿಗೆ 1,026. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಕಾಡು. ಮರದ ಪಕ್ಕದಲ್ಲಿ ಮನುಷ್ಯನನ್ನಿಟ್ಟರೆ ವಿಶ್ರಾಂತಿ. ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ, ಸೂರಿನ ಕೆಳಗೆ ಹೆಂಗಸೊಬ್ಬಳು ಕೂತಿರುವ ಅಕ್ಷರ ಬಂತು. ಅರ್ಥ: ನೆಮ್ಮದಿ. ಅದೇ ಅಕ್ಷರಕ್ಕೆ ಇನ್ನೊಂದು ಅರ್ಥ: ಅಗ್ಗ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕೆವು. ಗಣಿತದ ಮೇಷ್ಟ್ರಿಗೆ ಯಾಕೆ ನಗುತ್ತಿದ್ದೇವೆಂದು ಗೊತ್ತಾಗಲಿಲ್ಲ.

ಮಗಳ ಪುಸ್ತಕದ ಹೆಸರು 'ಮಿನ್ನಾ ನೊ ನಿಹೊಂಗೊ', ಎಂದರೆ ಎಲ್ಲರ ಜಪಾನಿ ಭಾಷೆ. ಪಾಠವೆಲ್ಲ ಜಪಾನಿಯಲ್ಲೇ. ವ್ಯಾಕರಣದ ವಿವರಣೆಗೆ ಬೇರೆ ಇಂಗ್ಲಿಷ್ ಪುಸ್ತಕ. ಅಲ್ಲಿ ಮೊದಲ ಮೂರು ತಿಂಗಳು ನಾನು ಪಟ್ಟ ಪಾಡು ಹೇಳತೀರದು. ಜಪಾನಿ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವುದು, ಇಂಗ್ಲಿಷನ್ನು ತಲೆಯೊಳಗೆ ಕನ್ನಡಕ್ಕೆ ತಿರುಗಿಸುವುದು, ಅಷ್ಟರಲ್ಲಿ ಮೊದಲ ಪದ ಮರೆತೇ ಹೋಗುವುದು. ಇಂಗ್ಲಿಷ್ ಮೇಡಂ ಅಲ್ಲವೇ, ಇಂಗ್ಲಿಷಿನ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂಬ ಹಟ.

ಒಂದು ದಿನ ಬಸ್ಸಿನಲ್ಲಿ ಈ ವಾಕ್ಯ ಸಿಕ್ಕಿತು: ವತಾಶಿ ವ ಗಕ್ಕೋ ಎ ಇಕಿಮಾಸ್. 'ವತಾಶಿ' ನಾನು, 'ವ' ಯಾರ ಮಾತೆಂದು ತೋರಿಸುವ ಪ್ರತ್ಯಯ, 'ಗಕ್ಕೋ' ಶಾಲೆ, 'ಎ' ಅಂದರೆ ಗೆ, 'ಇಕಿಮಾಸ್' ಹೋಗುತ್ತೇನೆ. ನಾನು ಶಾಲೆ-ಗೆ ಹೋಗುತ್ತೇನೆ. ಕರ್ತೃ ಮೊದಲು, ಪ್ರತ್ಯಯ ನಾಮಪದದ ಹಿಂದೆ, ಕ್ರಿಯಾಪದ ಕೊನೆಗೆ. ಒಂದು ಪದವೂ ಜಾಗ ಬಿಟ್ಟು ಕದಲಬೇಕಾಗಿಲ್ಲ!

ಅಲ್ಲಿಂದ ಇಂಗ್ಲಿಷ್ ಪುಸ್ತಕ ಮುಚ್ಚಿದೆ. ಅದು ಅರ್ಧ ಪುಟ ವಿವರಿಸಿ ವಿವರಿಸಿ ಸೋತಿದ್ದು ಕನ್ನಡದಲ್ಲಿ ಎರಡೇ ಪದ. 'ತಬೆತೆ ಮಿರು', ತಿಂದು ನೋಡು. ತಿನ್ನುವುದಕ್ಕೂ ಕಣ್ಣಿಗೂ ಏನು ಸಂಬಂಧವೆಂದು ಇಂಗ್ಲಿಷಿನವನಿಗೆ ತಿಳಿಸಿ ಹೇಳಬೇಕು, ನಮಗೆ ಬೇಕೇ? 'ಕೈತೆ ಒಕು', ಬರೆದಿಡು. 'ವಸುರೆತೆ ಶಿಮತ್ತ', ಮರೆತುಬಿಟ್ಟೆ. ಥಳಥಳ, ಗುಡುಗುಡು ಎನ್ನುವ ಹಾಗೆ ಅವರಿಗೂ ಪಿಕಪಿಕ, ಗೊರೊಗೊರೊ. ಮನೆಯಿಂದ ಹೊರಡುವಾಗ ಅವರು 'ಹೋಗುತ್ತೇನೆ' ಎನ್ನುವುದಿಲ್ಲ, 'ಇತ್ತೆ ಕಿಮಾಸ್' ಎನ್ನುತ್ತಾರೆ: ಹೋಗಿ ಬರ್ತೀನಿ. ಮನೆಯಲ್ಲಿದ್ದವರು 'ಇತ್ತೆ ಇರಾಶ್ಶೈ' ಎನ್ನುತ್ತಾರೆ: ಹೋಗಿ ಬನ್ನಿ. ಓದಿದಾಗ ನನ್ನ ಅಜ್ಜಿ ಹೊಸ್ತಿಲಲ್ಲಿ ನಿಂತ ಹಾಗಾಯಿತು. ಸುಸುಮು ಓನೋ ಎಂಬ ಜಪಾನಿನ ವಿದ್ವಾಂಸರು ತಮಿಳಿಗೂ ಜಪಾನಿಗೂ ರಕ್ತಸಂಬಂಧವಿದೆ ಎಂದು ವಾದಿಸಿದ್ದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ಸಂಬಂಧವಿಲ್ಲದಿದ್ದರೇನಂತೆ, ಎದುರುಮನೆಯವರ ಅಡುಗೆಯೂ ಒಮ್ಮೊಮ್ಮೆ ನಮ್ಮ ಮನೆಯ ರುಚಿಯೇ ಇರುತ್ತದೆ.

ಆ ಸಂತೋಷದ ಮಧ್ಯೆಯೇ ಒಂದು ಹುಡುಗಿ ನೆನಪಾದಳು. ಹೆಸರು ಬೇಡ. 2004ರಲ್ಲಿ ಹತ್ತನೇ ತರಗತಿಯಲ್ಲಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಗುಂಡನೆಯ ಅಕ್ಷರ. ಕನ್ನಡದಲ್ಲಿ, ಸಮಾಜದಲ್ಲಿ ಒಳ್ಳೆಯ ಅಂಕ. ಇಂಗ್ಲಿಷಿನಲ್ಲಿ ಮಾತ್ರ ಎಷ್ಟು ಹೇಳಿದರೂ "ಐ ಸ್ಕೂಲ್ ಟು ಗೋ" ಎಂದೇ ಬರೆಯುತ್ತಿದ್ದಳು. ಸಂಜೆ ಹೊರಡುವಾಗ, "ಐ ಗೋ ಅಂಡ್ ಕಮ್ ಮೇಡಂ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ಏನು ತಲೆನೋವಿತ್ತೋ, ಅವಳ ವಾಕ್ಯವನ್ನು ಬೋರ್ಡಿನ ಮೇಲೆ ಅವಳಿಂದಲೇ ಬರೆಸಿ, "ನೋಡ್ರೋ, ಇದು ಯಾವ ದೇಶದ ಇಂಗ್ಲಿಷು?" ಎಂದೆ. ಇಡೀ ತರಗತಿ ನಕ್ಕಿತು. ಅವಳೂ ನಕ್ಕಳು, ಸೀಮೆಸುಣ್ಣ ಹಿಡಿದುಕೊಂಡೇ. ಅವತ್ತಿನಿಂದ ಅವಳು ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನಾನು, ಹುಡುಗಿ ಸುಧಾರಿಸಿದಳು ಎಂದುಕೊಂಡೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಹೋಯಿತು. ಮತ್ತೆ ಕಟ್ಟಿಸಲಿಲ್ಲ, ಓದು ಅಲ್ಲಿಗೇ ನಿಂತಿತು.

ಆ ಹುಡುಗಿಯ ವಾಕ್ಯ ದಡ್ಡತನದ್ದಾಗಿರಲಿಲ್ಲ. ಅದಕ್ಕೊಂದು ಕ್ರಮವಿತ್ತು, ಅವಳ ತಾಯಿಮಾತಿನ ಕ್ರಮ. 'ಟು' ಅನ್ನು ಸ್ಕೂಲಿನ ಹಿಂದೆ ಇಟ್ಟದ್ದು ನಮ್ಮ 'ಗೆ' ಅಲ್ಲಿರುತ್ತದೆಂದು. ಎರಡು ಭಾಷೆಗಳು ಎಲ್ಲಿ ಬೇರೆಯಾಗುತ್ತವೆಂದು ಆ ಬೋರ್ಡಿನ ಮೇಲೆಯೇ ಹತ್ತು ನಿಮಿಷದಲ್ಲಿ ತೋರಿಸಬಹುದಿತ್ತು. ನನಗೇ ಗೊತ್ತಿರಲಿಲ್ಲ, ನಾನು ಬರೀ ಕೆಂಪು ಗೆರೆ ಎಳೆಯುತ್ತಿದ್ದೆ. ಅವತ್ತಿನಿಂದ ನನ್ನ ತರಗತಿಯಲ್ಲಿ ಬೋರ್ಡಿನ ಎಡಗಡೆ ಕನ್ನಡ ವಾಕ್ಯ, ಬಲಗಡೆ ಇಂಗ್ಲಿಷ್ ವಾಕ್ಯ. ಯಾವ ಪದ ಎಲ್ಲಿಂದ ಎಲ್ಲಿಗೆ ಹಾರಿತು ಎಂದು ಮಕ್ಕಳೇ ಬಂದು ಬಾಣ ಎಳೆಯುತ್ತಾರೆ. ಸಾಹೇಬರೊಬ್ಬರು ತಪಾಸಣೆಗೆ ಬಂದು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಯಾಕೆಂದು ಕೇಳಿದರು. ಹೂಂ ಸಾರ್ ಎಂದೆ, ಬಿಡಲಿಲ್ಲ.

2022ರ ಡಿಸೆಂಬರಿನ ಮೊದಲ ಭಾನುವಾರ ಬೆಂಗಳೂರಿಗೆ ಹೋಗಿ ಪರೀಕ್ಷೆಗೆ ಕೂತೆ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಐದು ಮೆಟ್ಟಿಲು, ಕೆಳಗಿನದು ಎನ್-5. ಸುತ್ತಲೂ ಮಗಳಿಗಿಂತ ಚಿಕ್ಕವರು. ನನ್ನನ್ನು ಯಾರದೋ ತಾಯಿಯೆಂದು ತಿಳಿದ ಹುಡುಗನೊಬ್ಬ, "ಪೇರೆಂಟ್ಸು ಹೊರಗಡೆ ಕೂತ್ಕೋಬೇಕಂತೆ ಆಂಟಿ" ಎಂದ. ಓದುವ ಭಾಗ ಸುಗಮ. ಕೇಳಿಸಿಕೊಳ್ಳುವ ಭಾಗದಲ್ಲಿ ಸಿಕ್ಕಿಬಿದ್ದೆ. ಧ್ವನಿ ಒಂದೇ ಸಲ, ಇನ್ನೊಮ್ಮೆ ಹೇಳಿ ಎನ್ನುವ ಹಾಗಿಲ್ಲ. ನನ್ನನ್ನು ಅಲ್ಲಿಯವರೆಗೆ ಕೈಹಿಡಿದು ನಡೆಸಿದ ಕನ್ನಡ ಅಲ್ಲಿ ಕೈಬಿಟ್ಟಿತು. ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ ಎಂದು ನಮ್ಮ ಕ್ರಿಯಾಪದದ ಬಾಲವೇ ಯಾರು ಹೋದರೆಂದು ಹೇಳುತ್ತದೆ. ಅವರಿಗೆ ಎಲ್ಲರಿಗೂ ಒಂದೇ 'ಇಕಿಮಾಸ್', ಮೇಲಾಗಿ ಕರ್ತೃವನ್ನೂ ನುಂಗಿಬಿಡುತ್ತಾರೆ. ಯಾರೋ ಅಂಗಡಿಗೆ ಹೋದರು. ಯಾರು? ಅಷ್ಟರಲ್ಲಿ ಮುಂದಿನ ಪ್ರಶ್ನೆ.

ಒಟ್ಟು 180ಕ್ಕೆ 80 ಬಂದರೆ ಪಾಸು, ನನಗೆ 85 ಬಂದಿತ್ತು. ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು, ಬಂದದ್ದು 17. ಒಂದರಲ್ಲೇ ಹೋಯಿತು. ಯಜಮಾನರು ನಗಲಿಲ್ಲ, ಕಾಫಿ ಮಾಡಿಕೊಟ್ಟರು. ಅದು ಇನ್ನೂ ಕಷ್ಟವಾಯಿತು.

ಆ ಹುಡುಗಿ ಈಗ ನಮ್ಮೂರ ಬಸ್‌ಸ್ಟ್ಯಾಂಡಿನ ಹಿಂದೆ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಎಂಟು ವರ್ಷದಿಂದ ನನ್ನ ರವಿಕೆಗಳನ್ನು ಹೊಲಿಯುವವಳು ಅವಳೇ. ಕಂಡಾಗಲೆಲ್ಲ ಎದ್ದು ನಿಂತು ಸ್ಟೂಲು ಒರೆಸಿ ಕೊಡುತ್ತಾಳೆ. ಹಳೆಯದು ಯಾವುದೂ ನಮ್ಮ ನಡುವೆ ಬಂದಿರಲಿಲ್ಲ. ಫಲಿತಾಂಶ ಬಂದ ವಾರ ರವಿಕೆ ತರಲು ಹೋದವಳು, ಫೇಲಾದದ್ದನ್ನು ಹೇಳಿದೆ. ಯಾಕೆ ಹೇಳಿದೆನೋ! ಆಮೇಲೆ ಆ ಬೋರ್ಡಿನ ಮಾತು ಎತ್ತಿದೆ. "ನಿನಗೆ ಜ್ಞಾಪಕ ಇದೆಯೋ ಇಲ್ವೋ..."

"ಇದೆ ಮೇಡಂ" ಎಂದಳು, ತಲೆ ಎತ್ತದೆ.

"ನಾನು ಹಾಗೆ ಮಾಡಬಾರದಿತ್ತು ಕಣೆ. ನೀನು ಬರೆದಿದ್ದಕ್ಕೆ ಒಂದು ಲೆಕ್ಕ ಇತ್ತು. ಜಪಾನಿನಲ್ಲಿ ಪದಗಳನ್ನ ಹಾಗೇ ಜೋಡಿಸ್ತಾರೆ." ಚೀಲದಿಂದ ಲಗ್ನಪತ್ರಿಕೆಯ ತುಂಡು ತೆಗೆದು ಪದಪದವಾಗಿ ಬಿಡಿಸಿ ಹೇಳಿದೆ. ಅವಳ ಕಾಲು ಮೆಷಿನ್ನಿನ ಮೇಲೆ ನಿಂತಿತು. ಚೀಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಹಂಗಾದ್ರೆ ನಾನು ತಪ್ಪು ದೇಶದಲ್ಲಿ ಪರೀಕ್ಷೆ ಬರೆದೆ ಅನ್ನಿ" ಎಂದಳು. ನಕ್ಕಳು. ಅವತ್ತು ಬೋರ್ಡಿನ ಮುಂದೆ ನಕ್ಕ ನಗು ಅದಾಗಿರಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಕ್ಷಮಿಸಿದಳೋ ಇಲ್ಲವೋ ಕೇಳುವ ಧೈರ್ಯ ನನಗಾಗಲಿಲ್ಲ. ರವಿಕೆಯ ದುಡ್ಡು ಎಂದಿನಷ್ಟೇ ತೆಗೆದುಕೊಂಡಳು, ತೋಳು ಬಿಗಿಯಾದರೆ ತನ್ನಿ, ಒಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದೀನಿ ಎಂದಳು.

ಮುಂದಿನ ಡಿಸೆಂಬರಿನಲ್ಲಿ ಎನ್-5 ಮುಗಿಯಿತು. ಈಗ ಎನ್-4ರ ಚೀಟಿಗಳು ಚಪ್ಪಲಿ ಡಬ್ಬಿಯಲ್ಲಿವೆ. ಆ ಒಂದು ಚೀಟಿ ಮಾತ್ರ ಡಬ್ಬಿಯಲ್ಲಿಲ್ಲ. ಅವಳ ಅಂಗಡಿಯಲ್ಲಿ, ಮೆಷಿನ್ನಿನ ಎದುರಿನ ಗೋಡೆಗೆ, ಅಳತೆ ಬರೆಯುವ ಪುಸ್ತಕ ನೇತುಹಾಕುವ ಮೊಳೆಗೆ ಸಿಕ್ಕಿಸಿದ್ದಾಳೆ.