ಇರುವೆಗಳ ಸುಗ್ಗಿ

ಪುಣೆಯಿಂದ ಸೊಲ್ಲಾಪುರದತ್ತ ಹೊರಟ ಪ್ರಯಾಣಿಕನಿಗೆ, ಸಹ್ಯಾದ್ರಿಯ ಹಸಿರು ಹಿಂದೆ ಸರಿದಂತೆಲ್ಲ ಬೇರೊಂದು ನಾಡೇ ತೆರೆದುಕೊಳ್ಳುವುದು. ಮುಂಗಾರಿನ ಮೋಡಗಳು ತಮ್ಮ ಭಾರವನ್ನೆಲ್ಲ ಘಟ್ಟದ ನೆತ್ತಿಯ ಮೇಲೆ ಇಳಿಸಿ ಬರಿಗೈಯಲ್ಲಿ ಬರುವ ಪ್ರದೇಶವಿದು. ಕರಿಗಲ್ಲಿನ ದಿನ್ನೆಗಳು, ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಒಂದೊಂದು ಜಾಲಿಯ ಮರ. ಭೀಮೆಯನ್ನು ದಾಟಿ ವಿಜಯಪುರದ ಸೀಮೆಗೆ ಬಂದರೂ ನೆಲದ ಮುಖಚರ್ಯೆ ಹೆಚ್ಚು ಬದಲಾಗದು. ಇಂಥ ಬಯಲನ್ನು ಸರಕಾರದ ಕಡತಗಳು ಬಹುಕಾಲದಿಂದ ‘ಪಾಳುಭೂಮಿ’ ಎಂದೇ ಕರೆಯುತ್ತ ಬಂದಿವೆ. ಆದರೆ ಈ ಪಾಳು ನೆಲದ ಒಡಲಲ್ಲಿ ತುಂಬಿದ ಕಣಜಗಳಿವೆ. ಅವುಗಳ ಒಡೆಯರು ಇರುವೆಗಳು.

ಮಳೆಗಾಲ ಹಿಂಜರಿದು ಹುಲ್ಲು ಹೊನ್ನಿನ ಬಣ್ಣ ತಾಳಿದಾಗ ಇವುಗಳ ಸುಗ್ಗಿ ಮೊದಲಾಗುವುದು. ಬಿಸಿಲೇರುವ ಮುನ್ನವೇ ಗೂಡಿನ ಬಾಯಿಂದ ಸಾಲು ಹೊರಡುತ್ತದೆ. ಕೆಲವು ಉದುರಿದ ಬೀಜವನ್ನು ಹೆಕ್ಕುತ್ತವೆ. ಕೆಲವು ತೆನೆಯನ್ನೇರಿ ಕಾಳನ್ನು ಕಿತ್ತು ತರುತ್ತವೆ. ತನಗಿಂತ ದೊಡ್ಡದಾದ ಬೀಜವನ್ನು ಕಚ್ಚಿ ಹಿಡಿದು ತೂರಾಡುತ್ತ ಬರುವ ಇರುವೆಯನ್ನು ಕಂಡರೆ, ಹೊರೆ ಹೊತ್ತ ಕೂಲಿಯಾಳಿನ ನೆನಪಾಗದಿರದು. ನಡುಹಗಲು ನೆಲ ಕಾದಾಗ ಕೆಲಸಕ್ಕೆ ಬಿಡುವು. ಬಿಸಿಲಿಳಿದ ಮೇಲೆ ಮತ್ತೆ ಅದೇ ದಾರಿ, ಅದೇ ದುಡಿಮೆ.

ಗೂಡಿನೊಳಗೆ ಒಕ್ಕಣೆ ನಡೆಯುವುದು. ಸಿಪ್ಪೆ ಬಿಡಿಸಿದ ಬೀಜ ಒಳಗಿನ ಕೋಣೆಗಳಿಗೆ, ಹೊಟ್ಟು ಹೊರಕ್ಕೆ. ಬಾಯಿಯ ಸುತ್ತ ಹೊಟ್ಟಿನ ಬಳೆಯೊಂದು ಬಿದ್ದಿದ್ದರೆ ಕೆಳಗೆ ಹಗೇವಿದೆ ಎಂದೇ ತಿಳಿಯಬೇಕು. ಫೈಡೋಲೆ ಎಂಬ ಕುಲದ ಇರುವೆಗಳಲ್ಲಿ ಎರಡು ಬಗೆಯ ದುಡಿಮೆಗಾರರುಂಟು. ಚಿಕ್ಕವು ಹಲವು, ದೊಡ್ಡ ತಲೆಯವು ಕೆಲವು. ಬೀಜವನ್ನು ತಿನ್ನುವ ಜಾತಿಗಳಲ್ಲಿ ಈ ದೊಡ್ಡ ತಲೆಯವುಗಳ ದವಡೆಯೇ ಗಟ್ಟಿ ಕಾಳನ್ನು ಒಡೆಯುವ ಬೀಸುಕಲ್ಲು.

ಕೂಡಿಟ್ಟ ಧಾನ್ಯಕ್ಕೆ ತೇವವೇ ದೊಡ್ಡ ಶತ್ರು. ನೀರು ತಗುಲಿದ ಬೀಜ ಮೊಳೆಯುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ. ಆಗ ಇರುವೆಗಳು ಏನು ಮಾಡುತ್ತವೆ ಎಂಬುದನ್ನು ಪುಣೆಯಲ್ಲಿಯೇ ಒಬ್ಬರು ಕಂಡು ಬರೆದಿಟ್ಟರು. ಅವರು ಈಸ್ಟ್ ಇಂಡಿಯಾ ಕಂಪೆನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. 1829ರ ಜೂನ್ ತಿಂಗಳು, ಮೃಗಶಿರಾ ಮಳೆಯ ದಿನಗಳು. ಬೆಳಗಿನ ತಿರುಗಾಟದಲ್ಲಿದ್ದ ಸೈಕ್ಸ್‌ರಿಗೆ ಕವಾಯತಿನ ಮೈದಾನದ ಬಳಿ ಹುಲ್ಲುಬೀಜದ ಚಿಕ್ಕ ಚಿಕ್ಕ ರಾಶಿಗಳು ಕಂಡವು. ಒಂದೊಂದೂ ಒಂದು ಹಿಡಿಯಷ್ಟು. ನೂರಾರು ಇರುವೆಗಳು ಕೆಳಗಿನಿಂದ ಬೀಜವನ್ನು ಹೊತ್ತು ತಂದು ಸುರಿಯುತ್ತಿದ್ದವು. ಮೊದಲ ಮಳೆಗೆ ನೆನೆದ ದಾಸ್ತಾನನ್ನು, ಬಿಸಿಲು ಕಂಡೊಡನೆ ಹೊರತಂದು ಒಣಗಿಸುತ್ತಿದ್ದವು! ಅಂಗಳದಲ್ಲಿ ಚಾಪೆ ಹಾಸಿ ಜೋಳ ಹರವುವ ಗೃಹಿಣಿಗೂ ಇವಕ್ಕೂ ಏನು ಭೇದ? 1835ರಲ್ಲಿ ಸೈಕ್ಸ್ ಈ ಇರುವೆಗೆ ‘ಪ್ರಾವಿಡೆನ್ಸ್’ ಎಂಬ ಹೆಸರನ್ನಿತ್ತರು. ಮುಂದಾಲೋಚನೆಯುಳ್ಳದ್ದು ಎಂಬುದು ಅದರ ಅರ್ಥ.

ಇದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಇರುವೆಗಳು ಕಾಳು ಕೂಡಿಡುತ್ತವೆಂದು ಸಾಲೊಮೋನನ ಜ್ಞಾನೋಕ್ತಿಗಳೂ ಈಸೋಪನ ಕಥೆಯೂ ಹೇಳಿದ್ದವು. ಆದರೆ ಉತ್ತರ ಯೂರೋಪಿನ ಪಂಡಿತರು ಅದನ್ನು ನಂಬಲಿಲ್ಲ. ಅವರ ನಾಡಿನ ಇರುವೆಗಳು ಚಳಿಗಾಲದಲ್ಲಿ ಮರವಟ್ಟು ಮಲಗುತ್ತವೆ. ಅವಕ್ಕೆ ಕಣಜ ಬೇಡ. ಆದುದರಿಂದ, ಇರುವೆಯ ಕೋಶಗಳನ್ನೇ ಹಿಂದಿನವರು ಕಾಳೆಂದು ಭ್ರಮಿಸಿದರೆಂದು ಅವರು ತೀರ್ಮಾನಿಸಿಬಿಟ್ಟರು. ಫ್ರಾನ್ಸಿನ ದಕ್ಷಿಣ ತೀರದ ಮಾಂತೊನಿನಲ್ಲಿ ಗೂಡುಗಳನ್ನು ಅಗೆದು ನೋಡಿದ ಜಾನ್ ಟ್ರಾಹರ್ನ್ ಮಾಗ್ರಿಜ್, 1873ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದ ಬಳಿಕ ಆ ಸಂದೇಹ ಅಡಗಿತು. ಪುಣೆಯ ಮೈದಾನದ ಆ ಹಿಡಿ ಬೀಜ ಅದಕ್ಕೂ ದಶಕಗಳ ಮೊದಲೇ ಸಾಕ್ಷಿ ನುಡಿದಿತ್ತು.

ಇರುವೆ ಹುಲ್ಲಿಗೆ ಕೇವಲ ಕಳ್ಳನಲ್ಲ. ದಾರಿಯಲ್ಲಿ ಜಾರಿದ ಬೀಜ, ಹೊಟ್ಟಿನ ನಡುವೆ ಉಳಿದ ಬೀಜ, ಮಳೆ ಬಿದ್ದಾಗ ಹೊಸ ತಾಣದಲ್ಲಿ ಮೊಳೆಯುವುದುಂಟು. ಗೂಡು ತೋಡುವಾಗ ಕೆಳಗಿನ ಮಣ್ಣು ಮೇಲೆ ಬಂದು ನೆಲ ಸಡಿಲಗೊಳ್ಳುವುದು. ಸಾಲವನ್ನು ಪೂರ್ತಿಯಾಗಿ ಅಲ್ಲದಿದ್ದರೂ, ಒಂದಿಷ್ಟನ್ನು ಅದು ತೀರಿಸುತ್ತದೆ.

ಮಳೆ ತಪ್ಪಿದ ವರ್ಷದಲ್ಲಿಯೂ ಗೂಡು ಉಳಿಯುವುದು ಈ ಉಳಿತಾಯದ ಬಲದಿಂದ. ಬರಗಾಲಕ್ಕೆ ಇರುವೆ ಸಿದ್ಧವಾಗಿದೆ. ನೇಗಿಲಿಗೂ, ಗಿಡ ನೆಡುವ ಗುಂಡಿಗೂ, ಕಾರ್ಖಾನೆಯ ತಳಪಾಯಕ್ಕೂ ಸಿದ್ಧವಾಗಿಲ್ಲ. ‘ಪಾಳು’ ಎಂಬ ಒಂದೇ ಮಾತಿನಿಂದ ದಖನ್ನಿನ ಹುಲ್ಲುಗಾವಲು ವರ್ಷ ವರ್ಷವೂ ಕಿರಿದಾಗುತ್ತಿದೆ. ಕೃಷ್ಣಮೃಗ ಓಡಿಯಾದರೂ ಹೋದೀತು, ತೋಳ ಬೇರೆ ದಿನ್ನೆಯನ್ನು ಹುಡುಕೀತು. ಹಗೇವನ್ನು ಹೊತ್ತುಕೊಂಡು ಇರುವೆ ಎಲ್ಲಿಗೆ ಹೋಗಬೇಕು?

ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನ ರಂಗವಲ್ಲಿಯನ್ನಿಟ್ಟು, ಇರುವೆಗೂ ಒಂದು ತುತ್ತು ಸಲ್ಲಲೆಂದು ಬಯಸಿದ ಜನ ನಮ್ಮವರು. ಆ ಬಯಲಿನ ಹುಲ್ಲನ್ನು ಉಳಿಸುವುದೂ ಅದೇ ಸಂಪ್ರದಾಯದ ಒಂದು ದೊಡ್ಡ ರಂಗವಲ್ಲಿಯಲ್ಲವೇ?